ಲೆಕ್ಕ ಸರಿ, ದಾರಿ ತಪ್ಪು!

ಯಶವಂತನಗರದ ಅಜ್ಜಿ ಕಳಿಸಿದ ಫೋಟೊ ಬೆಂಗಳೂರಿನ ಮೊಮ್ಮಗನಿಗೆ ಕ್ಷಣದಲ್ಲಿ ತಲುಪುತ್ತದೆ. ಆದರೆ ಅದು ಒಂದೇ ನೆಗೆತಕ್ಕೆ ಹೋಗುವುದಿಲ್ಲ. ಸಣ್ಣ ಸಣ್ಣ ತುಣುಕುಗಳಾಗಿ, ಹಲವು ಯಂತ್ರಗಳನ್ನು ದಾಟಿ ಹೋಗುತ್ತದೆ. ಈ ಯಂತ್ರಗಳೇ ರೌಟರ್‌ಗಳು. ಕೂಡುರಸ್ತೆಯಲ್ಲಿ ನಿಂತು ‘ಹೀಗೆ ಹೋಗಿ’ ಎಂದು ಕೈತೋರುವುದು ಅವುಗಳ ಕೆಲಸ.

ದಾರಿ ಅವಕ್ಕೆ ಹೇಗೆ ಗೊತ್ತಾಗುತ್ತದೆ? ‘ರಿಪ್’ ಎಂಬ ಹಳೆಯ ಪದ್ಧತಿಯೊಂದಿದೆ. ಅದರ ನಿಯಮಗಳು 1988ರಲ್ಲಿ ಬರಹರೂಪದಲ್ಲಿ ಪ್ರಕಟವಾದವು. ಪ್ರತಿ ರೌಟರ್ 30 ಸೆಕೆಂಡಿಗೊಮ್ಮೆ ‘ಇಂಥ ಜಾಗ ನನ್ನಿಂದ ಇಷ್ಟು ಹೆಜ್ಜೆ’ ಎಂದು ನೆರೆಯ ರೌಟರ್‌ಗಳಿಗೆ ಹೇಳುತ್ತದೆ. ಕೇಳಿಸಿಕೊಂಡದ್ದು ಅದಕ್ಕೆ ಒಂದು ಕೂಡಿಸಿ ಬರೆದುಕೊಳ್ಳುತ್ತದೆ.

ಮಕ್ಕಳೇ, ನಮ್ಮ ಊರುಗಳನ್ನೇ ರೌಟರ್ ಎಂದುಕೊಳ್ಳಿ. ಯಶವಂತನಗರ, ಸಂಡೂರು, ಹೊಸಪೇಟೆ. ನಡುವೆ ಒಂದೇ ದಾರಿ. ಹೊಸಪೇಟೆ ಸಂಡೂರಿಗೆ 1 ಹೆಜ್ಜೆ, ಯಶವಂತನಗರಕ್ಕೆ 2 ಹೆಜ್ಜೆ. ಒಂದು ದಿನ ಸಂಡೂರು–ಹೊಸಪೇಟೆ ದಾರಿ ಕಡಿದುಹೋಯಿತು. ಸಂಡೂರು ಸುದ್ದಿ ಹೇಳುವ ಮೊದಲೇ ಯಶವಂತನಗರ, ‘ಹೊಸಪೇಟೆ ನನ್ನಿಂದ 2 ಹೆಜ್ಜೆ’ ಎಂದಿತು. ಆ ದಾರಿ ತನ್ನ ಮೂಲಕವೇ ಹೋಗುತ್ತದೆಂದು ತಿಳಿಯದ ಸಂಡೂರು 3 ಎಂದು ಬರೆದುಕೊಂಡಿತು. ಅದನ್ನು ಕೇಳಿ ಯಶವಂತನಗರ 4 ಎಂದಿತು. ಮತ್ತೆ 5, 6, 7... ಕೂಡಿಸಿದ್ದರಲ್ಲಿ ಎಲ್ಲೂ ತಪ್ಪಿಲ್ಲ, ಆದರೆ ದಾರಿಯೇ ಇಲ್ಲ! ಅಜ್ಜಿಯ ಫೋಟೊದ ತುಣುಕುಗಳು ಎರಡೂರಿನ ನಡುವೆ ಸುಮ್ಮನೆ ಅಲೆದು ಕೊನೆಗೆ ಇಲ್ಲವಾಗುತ್ತವೆ.

ಇದಕ್ಕೆ ಎರಡು ಮದ್ದು ಕಂಡುಕೊಂಡರು. ಒಂದು, 15 ಹೆಜ್ಜೆಯೇ ಮಿತಿ. ಲೆಕ್ಕ 16 ಮುಟ್ಟಿದರೆ ‘ದಾರಿ ಇಲ್ಲ’ ಎಂದೇ ಅರ್ಥ. ಎರಡು, ಯಾರಿಂದ ಸುದ್ದಿ ಕೇಳಿದೆಯೋ ಅವರಿಗೇ ಅದನ್ನು ತಿರುಗಿ ಹೇಳಬೇಡ. ಎರಡನೆಯ ಮದ್ದು ಇಬ್ಬರ ನಡುವಿನ ಗೊಂದಲ ನಿಲ್ಲಿಸುತ್ತದೆ. ಮೂರು ನಾಲ್ಕು ಊರು ಸುತ್ತಿ ಅದೇ ಸುದ್ದಿ ಮರಳಿ ಬಂದರೆ ಮಾತ್ರ ಅದೊಂದೇ ಸಾಲದು.

ಇಂಟರ್ನೆಟ್ಟಿನ ಪೂರ್ವಜ ಎನ್ನಬಹುದಾದ ಅಮೆರಿಕದ ಅರ್ಪಾನೆಟ್ ಕೂಡ ಮೊದಲು ನೆರೆಯವರ ಮಾತನ್ನೇ ನಂಬುತ್ತಿತ್ತು. 1979ರಲ್ಲಿ ಪದ್ಧತಿ ಬದಲಾಯಿತು. ಪ್ರತಿ ಯಂತ್ರವೂ ತಾನು ಕಣ್ಣಾರೆ ಕಂಡ ಅಕ್ಕಪಕ್ಕದ ದಾರಿಗಳನ್ನಷ್ಟೇ ಎಲ್ಲರಿಗೂ ಸಾರಬೇಕು. ಎಲ್ಲವನ್ನೂ ಜೋಡಿಸಿ ಪ್ರತಿಯೊಂದೂ ತಾನೇ ನಕ್ಷೆ ಬಿಡಿಸಿಕೊಂಡು ಹತ್ತಿರದ ದಾರಿ ಹುಡುಕಬೇಕು. ಹಾಗೆ ಹುಡುಕುವ ಲೆಕ್ಕವನ್ನು ಹಾಲೆಂಡಿನ ಡೈಕ್‌ಸ್ಟ್ರಾ 1956ರಲ್ಲೇ, ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಇಪ್ಪತ್ತು ನಿಮಿಷದಲ್ಲಿ ಯೋಚಿಸಿದ್ದರು!

ವಾಟ್ಸಪ್ಪಿನಲ್ಲಿ ನಾವೇ ಕಳಿಸಿದ ಗಾಳಿಸುದ್ದಿ ಊರೆಲ್ಲ ಸುತ್ತಿ ನಮಗೇ ಮರಳಿದಾಗ ‘ಓಹೋ, ನಿಜವೇ ಇರಬೇಕು’ ಎನ್ನುತ್ತೇವಲ್ಲ, ಅದೂ ಇದೇ ರೋಗ. ‘ನೀನು ಕಂಡದ್ದೋ, ಕೇಳಿದ್ದೋ?’ ಎಂಬ ಅಜ್ಜಿಯ ಪ್ರಶ್ನೆಯೇ ಅದಕ್ಕೆ ಔಷಧ.

ಈ ಭಾನುವಾರ ಅಜ್ಜ, ಅಜ್ಜಿ, ಮೊಮ್ಮಗು ಮೂರು ಊರುಗಳಾಗಿ ಚೀಟಿಯಲ್ಲಿ ಈ ಆಟ ಆಡಿ ನೋಡಿ. 16 ಮೊದಲು ಮುಟ್ಟುವ ಊರು ಯಾವುದು?