ಶಾಯಿಯಿಲ್ಲದೆ ಶುಭಾಶಯ ಪತ್ರದಲ್ಲಿ ಉಬ್ಬುಚಿತ್ರ ಮೂಡುವುದು ಹೇಗೆ?

ಕಾಗದವೆಂದರೆ ಹೆಣೆದುಕೊಂಡ ಸೆಲ್ಯುಲೋಸ್ ನಾರುಗಳ ಹಾಳೆ. ಒತ್ತಿದಾಗ ನಾರುಗಳು ಹಿಗ್ಗಿ ಹೊಸ ಆಕಾರದಲ್ಲೇ ನಿಲ್ಲುತ್ತವೆ, ಗುಟ್ಟು ಇಷ್ಟೇ. ಮನೆಯಲ್ಲಾದರೆ ರಟ್ಟಿನಲ್ಲಿ ಎಲೆಯ ಆಕಾರ ಕತ್ತರಿಸಿ, ಆ ರಟ್ಟನ್ನು ಕಿಟಕಿಯ ಗಾಜಿಗೆ ಅಂಟಿಸಬೇಕು. ಕಾರ್ಡಿನ ಮುಖ ರಟ್ಟಿಗೆ ತಾಗುವಂತಿಟ್ಟು, ಬೆಳಕಿನಲ್ಲಿ ಕಾಣುವ ಅಂಚಿನ ಒಳಬದಿಯನ್ನು ಗುಂಡುತುದಿಯ ಕಡ್ಡಿಯಿಂದ (ಶಾಯಿ ಮುಗಿದ ಬಾಲ್‌ಪೆನ್ನೂ ಆದೀತು) ಮೆಲ್ಲಗೆ ಹಲವು ಸಲ ತೀಡಬೇಕು. ಒಮ್ಮೆಗೇ ಒತ್ತಿದರೆ ಹರಿಯುತ್ತದೆ. ಹತ್ತಿಯ ಉದ್ದ ನಾರಿನ ಕೈಕಾಗದ ಇದಕ್ಕೆ ಒಗ್ಗುತ್ತದೆ. ಲಗ್ನಪತ್ರಿಕೆಯ ಉಬ್ಬು ಗಣಪನ ಹಿಂದೆಯೂ ಇದೇ ತತ್ವ. ಅಲ್ಲಿ ಉಬ್ಬು-ತಗ್ಗಿನ ಜೋಡಿ ಅಚ್ಚುಗಳ ನಡುವೆ ಯಂತ್ರ ಒತ್ತುತ್ತದೆ. ರಾಳದ ಪುಡಿ ಉದುರಿಸಿ ಬಿಸಿಗಾಳಿಯಲ್ಲಿ ಕರಗಿಸುವ ವಿಧಾನದಲ್ಲಿ ಉಬ್ಬುವುದು ಕಾಗದವಲ್ಲ, ಪುಡಿ. ಅದಕ್ಕೆ ಹೇರ್ ಡ್ರೈಯರ್ ಸಾಲದು. ಪುಡಿ ಕರಗುವ ಮೊದಲೇ ಹಾರಿಹೋಗುತ್ತದೆ.