ಚಕ್ರದ ಮೇಲಿನ ಮನೆಗೆ ಎಂಥ ಪಂಪು?

ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲವನ್ನೂ ಹೊತ್ತು ಸಾಗುವ ವಾಹನಕ್ಕೆ ಅಮೆರಿಕದಲ್ಲಿ ‘ಮೋಟಾರ್‌ಹೋಮ್’ ಎನ್ನುತ್ತಾರೆ. ರಜೆ ಬಂತೆಂದರೆ ಸಂಸಾರ ಸಮೇತ ಅದರಲ್ಲಿ ಸಾವಿರಾರು ಕಿಲೋಮೀಟರ್ ಸುತ್ತುವವರಿದ್ದಾರೆ. ಈ ಮನೆಯ ಭಾರವನ್ನೆಲ್ಲ ಹೊರುವುದು ಟೈರಿನೊಳಗಿನ ಗಾಳಿ. ಅದು ಕಡಿಮೆಯಾದರೆ ಟೈರಿನ ಪಕ್ಕಗಳು ಪ್ರತಿ ಸುತ್ತಿಗೂ ಅತಿಯಾಗಿ ಬಾಗುತ್ತವೆ. ಬಾಗಿದಷ್ಟೂ ಬಿಸಿ. ಕೊನೆಗೆ ವೇಗದಲ್ಲಿರುವಾಗಲೇ ಟೈರು ಸಿಡಿಯಬಹುದು.

2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ವಾಪಸು ಪಡೆಯುವುದಾಗಿ ಪ್ರಕಟಿಸಿತು. ಅದೇ ವರ್ಷ ಅಮೆರಿಕದಲ್ಲಿ ಟೈರ್ ಸುರಕ್ಷತೆಯ ಕಾಯಿದೆ ಬಂತು. ಅದರ ಫಲವಾಗಿ, ಗಾಳಿ ಇಳಿದರೆ ಎಚ್ಚರಿಸುವ ಸಾಧನ 2007ರ ಸೆಪ್ಟೆಂಬರ್‌ನಿಂದ ಅಲ್ಲಿನ ಹೊಸ ಕಾರುಗಳಲ್ಲಿ ಕಡ್ಡಾಯವಾಯಿತು. ಆದರೆ 4,536 ಕಿಲೋಗ್ರಾಂಗಿಂತ ಹೆಚ್ಚಿನ ತೂಕದ ವಾಹನಗಳಿಗೆ ಈ ನಿಯಮವಿಲ್ಲ. ಅಂದರೆ ದೊಡ್ಡ ಮೋಟಾರ್‌ಹೋಮಿನಲ್ಲಿ ಗಾಳಿ ನೋಡುವ ಹೊಣೆ ಮಾಲೀಕರದೇ. ಅದಕ್ಕೇ ಜೊತೆಯಲ್ಲೊಂದು ಕಂಪ್ರೆಸರ್ ಬೇಕು.

ಡಬ್ಬದ ಮೇಲಿನ ಅಂಕಿ

ಕಾರಿನ ಟೈರಿಗೆ ಸಾಮಾನ್ಯವಾಗಿ 30ರಿಂದ 35 ಪಿಎಸ್‌ಐ ಒತ್ತಡ ಸಾಕು. ದೊಡ್ಡ ಮೋಟಾರ್‌ಹೋಮಿಗೆ 80ರಿಂದ 110ರವರೆಗೂ ಬೇಕಾಗುತ್ತದೆ. ‘150 ಪಿಎಸ್‌ಐ’ ಎಂದು ಡಬ್ಬದ ಮೇಲೆ ಬರೆದಿದ್ದರೆ ಮರುಳಾಗಬೇಡಿ. ಅದು ಗರಿಷ್ಠ ಮಿತಿ ಅಷ್ಟೆ. ಒತ್ತಡ ಏರಿದಂತೆ ಪಂಪು ತಳ್ಳುವ ಗಾಳಿ ಕಡಿಮೆಯಾಗುತ್ತದೆ. 100 ಪಿಎಸ್‌ಐ ಇರುವಾಗ ನಿಮಿಷಕ್ಕೆ ಎಷ್ಟು ಗಾಳಿ ತುಂಬುತ್ತದೆ ಎಂದು ಕೇಳಬೇಕು.

ಬಾಯ್ಲ್ ನಿಯಮ ಓದಿದ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಟೈರಿನ ಒಳಗಾತ್ರ 100 ಲೀಟರ್ ಎಂದಿಟ್ಟುಕೊಳ್ಳಿ. ಒತ್ತಡವನ್ನು 80ರಿಂದ 100ಕ್ಕೆ ಏರಿಸಬೇಕು. ಹೊರಗಿನ ವಾಯುಭಾರ 14.7 ಪಿಎಸ್‌ಐ. 20ನ್ನು 14.7ರಿಂದ ಭಾಗಿಸಿ 100ರಿಂದ ಗುಣಿಸಿದರೆ ಸುಮಾರು 136 ಲೀಟರ್ ಗಾಳಿ ಬೇಕೆಂದಾಯಿತು. ನಿಮಿಷಕ್ಕೆ 10 ಲೀಟರ್ ತುಂಬುವ ಪಂಪಿಗೆ ಆರು ಚಕ್ರ ಮುಗಿಸಲು 80 ನಿಮಿಷ ದಾಟುತ್ತದೆ; 30 ಲೀಟರಿನದಕ್ಕೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ.

ಬಿಸಿಯೂ ವಿಶ್ರಾಂತಿಯೂ

ಸೈಕಲ್ ಪಂಪು ಹೊಡೆಯುವಾಗ ಅದರ ಬುಡ ಬಿಸಿಯಾಗುವುದನ್ನು ನೋಡಿರುತ್ತೀರಿ. ಕಂಪ್ರೆಸರಿಗೂ ಅದೇ ಪಾಡು. ಎಷ್ಟು ನಿಮಿಷ ಓಡಿಸಿ ಎಷ್ಟು ನಿಮಿಷ ಆರಲು ಬಿಡಬೇಕೆಂದು ಕೈಪಿಡಿಯಲ್ಲಿ ಓದಿಯೇ ಕೊಳ್ಳಬೇಕು.

ವಿದ್ಯುತ್ತಿನ ವಿಷಯವೂ ಮುಖ್ಯ. ಸಿಗರೇಟ್ ಲೈಟರ್ ಸಾಕೆಟ್ಟಿನ ಫ್ಯೂಸು 15 ಆಂಪಿಯರಿನದಾದರೆ, 12 ವೋಲ್ಟಿಗೆ ಸಿಗುವುದು 180 ವಾಟ್ ಮಾತ್ರ. ಹೆಚ್ಚು ಶಕ್ತಿಯ ಪಂಪಿನ ಕ್ಲಿಪ್ಪುಗಳನ್ನು ನೇರವಾಗಿ ಬ್ಯಾಟರಿಗೇ ಹಾಕಬೇಕು. ಅಲ್ಲಿಂದ ಹಿಂದಿನ ಚಕ್ರದವರೆಗೆ ವೈರೂ ಪೈಪೂ ಸೇರಿ ಮುಟ್ಟುತ್ತವೆಯೇ, ಜೋಡಿ ಚಕ್ರದ ಒಳಗಿನ ವಾಲ್ವಿಗೆ ಪೈಪಿನ ಮೂತಿ ಸಿಗುತ್ತದೆಯೇ ನೋಡಿಕೊಳ್ಳಿ.

ತುಂಬುವ ಮುನ್ನ

ಗಾಳಿಯನ್ನು ಬೆಳಿಗ್ಗೆ, ವಾಹನ ಓಡುವ ಮೊದಲು ಅಳೆಯಬೇಕು. ಓಡಿ ಬಂದ ಟೈರಿನಲ್ಲಿ ಒತ್ತಡ ಏರಿರುತ್ತದೆ. ಆಗ ಗಾಳಿ ಬಿಟ್ಟರೆ ತಣಿದ ಮೇಲೆ ಕಡಿಮೆ ಬೀಳುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿಯನ್ನೇ ಗುರಿಯಾಗಿ ಹಿಡಿಯಬಾರದು. ಸಾಮಾನು ತುಂಬಿದ ವಾಹನವನ್ನು ತೂಕ ಮಾಡಿಸಿ, ಟೈರ್ ಕಂಪನಿಯ ಪಟ್ಟಿ ನೋಡಿ ಒತ್ತಡ ನಿರ್ಧರಿಸಬೇಕು. ಪಂಪಿನ ಮೀಟರನ್ನಷ್ಟೇ ನಂಬದೆ ಒಂದು ಒಳ್ಳೆಯ ಗೇಜನ್ನು ಬೇರೆಯಾಗಿ ಇಟ್ಟುಕೊಳ್ಳುವುದು ಲೇಸು.

ಮನೆಯ ಕಾರಿಗೆ ಪಂಪು ಕೊಳ್ಳುವವರಿಗೂ ಇದೇ ಲೆಕ್ಕ. ಅಂಕಿಗಳು ಮಾತ್ರ ಸಣ್ಣವು.