ಎಂಜಿನಿಗೆ ತಕ್ಕ ಕಾರ್ಬುರೇಟರು

ಉಸಿರಾಡುವ ಪ್ರಾಣಿಗೆ ಗಾಳಿಯು ಹೇಗೋ ಪೆಟ್ರೋಲಿನಿಂದ ನಡೆಯುವ ಎಂಜಿನಿಗೂ ಹಾಗೆಯೇ ಜೀವಾಧಾರವಾದುದು. ಮೋಟಾರು ವಾಹನವು ಪೆಟ್ರೋಲನ್ನು ಕುಡಿದು ಓಡುತ್ತದೆಂದು ನಾವು ಲೋಕರೂಢಿಯಲ್ಲಿ ಹೇಳುತ್ತೇವೆ. ಆದರೆ ವಿಚಾರಿಸಿ ನೋಡಿದರೆ ಅದು ಸೇವಿಸುವುದರಲ್ಲಿ ಬಹುಭಾಗವು ಗಾಳಿಯೇ. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ೧೪.೭ ಕಿಲೋಗ್ರಾಂ ಗಾಳಿ ಬೇಕು. ಅಳತೆಯಿಂದ ಹೇಳುವುದಾದರೆ, ಒಂದು ಲೀಟರು ಪೆಟ್ರೋಲಿಗೆ ಸುಮಾರು ೯,೦೦೦ ಲೀಟರು ಗಾಳಿ. ಈ ಎರಡನ್ನೂ ತಕ್ಕ ಪ್ರಮಾಣದಲ್ಲಿ ಬೆರಸಿ ಎಂಜಿನಿಗೆ ಉಣಿಸುವ ಉಪಕರಣಕ್ಕೆ ಕಾರ್ಬುರೇಟರೆಂದು ಹೆಸರು.

ಇಂದು ಮಾರಾಟಕ್ಕೆ ಬರುವ ಹೊಸ ವಾಹನಗಳಲ್ಲಿ ಈ ಉಪಕರಣವು ಕಾಣಸಿಗುವುದು ಅಪರೂಪ. ಅಮೆರಿಕ ದೇಶದಲ್ಲಿ ೧೯೯೦ರ ದಶಕದ ಆದಿಭಾಗದಲ್ಲಿಯೇ ಪೆಟ್ರೋಲನ್ನು ಅಳೆದು ಚಿಮ್ಮಿಸುವ ವಿದ್ಯುತ್ ಸಾಧನಗಳು ಅದರ ಸ್ಥಾನವನ್ನು ಪಡೆದುವು. ನಮ್ಮ ದೇಶದ ಮೋಟಾರು ಸೈಕಲುಗಳಲ್ಲಿಯೂ ೨೦೨೦ರ ಏಪ್ರಿಲಿನಲ್ಲಿ ಹೊಗೆಯನ್ನು ಕುರಿತ ಭಾರತ್ ಸ್ಟೇಜ್ ಆರರ ನಿಯಮವು ಜಾರಿಗೆ ಬಂದ ಮೇಲೆ ಬಹುಮಟ್ಟಿಗೆ ಹಾಗೆಯೇ ಆಯಿತು. ಆದರೂ ಹಳೆಯ ವಾಹನಗಳನ್ನು ಅಕ್ಕರೆಯಿಂದ ಉಳಿಸಿಕೊಂಡವರು ಎಲ್ಲೆಲ್ಲಿಯೂ ಇದ್ದಾರೆ. ಅಂಥ ಮನೆಗಳಲ್ಲಿ ಒಂದಲ್ಲ ಒಂದು ದಿನ, ಸವೆದುಹೋದ ಕಾರ್ಬುರೇಟರಿನ ಬದಲು ಯಾವುದನ್ನು ಹಾಕಿಸಬೇಕೆಂಬ ಪ್ರಶ್ನೆಯು ಏಳುತ್ತದೆ. ಆಗ ಮನೆಯ ಯುವಕರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: "ದೊಡ್ಡದನ್ನೇ ಹಾಕಿಸೋಣ, ಗಾಡಿಗೆ ಬಲ ಬರುತ್ತದೆ." ಈ ಮಾತು ಎಷ್ಟರಮಟ್ಟಿಗೆ ಸತ್ಯವೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಹಣ ಕೊಡುವ ಹಿರಿಯರೂ ಈ ಲೆಕ್ಕವನ್ನು ತಿಳಿದಿರುವುದು ಒಳ್ಳೆಯದು.

ಮೊದಲು ಉಪಕರಣದ ಮರ್ಮವನ್ನು ತಿಳಿಯೋಣ. ಕಾಲುವೆಯ ನೀರು ಇಕ್ಕಟ್ಟಾದ ತೂಬಿನಲ್ಲಿ ರಭಸದಿಂದ ನುಗ್ಗುವುದನ್ನು ಎಲ್ಲರೂ ನೋಡಿದ್ದೇವೆ. ಹೀಗೆ ಕಿರಿದಾದೆಡೆಯಲ್ಲಿ ಪ್ರವಾಹದ ವೇಗವು ಹೆಚ್ಚುವುದಲ್ಲದೆ ಅದರ ಒತ್ತಡವು ಕುಗ್ಗುತ್ತದೆಂಬ ತತ್ತ್ವವನ್ನು ಇಟಲಿಯ ವೆಂಚುರಿ ಎಂಬ ವಿದ್ವಾಂಸನು ಪ್ರಯೋಗಗಳಿಂದ ಪರೀಕ್ಷಿಸಿ ೧೭೯೭ರಲ್ಲಿ ಪ್ರಕಟಿಸಿದನು. ಕಾರ್ಬುರೇಟರಿನ ಗಂಟಲು ನಡುವೆ ಸಣ್ಣಗಾಗಿರುವುದು ಈ ಕಾರಣದಿಂದಲೇ. ಆ ಭಾಗಕ್ಕೆ ಇಂದಿಗೂ ಅವನ ಹೆಸರೇ ಸಲ್ಲುತ್ತಿದೆ. ಎಂಜಿನು ಗಾಳಿಯನ್ನು ಸೆಳೆದಾಗ ಅದು ಈ ಗಂಟಲಿನಲ್ಲಿ ವೇಗವಾಗಿ ಹಾಯುತ್ತದೆ. ಅಲ್ಲಿ ಒತ್ತಡ ಕುಗ್ಗಿ, ಪಕ್ಕದ ಬಟ್ಟಲಿನಲ್ಲಿರುವ ಪೆಟ್ರೋಲು ಜೆಟ್ಟೆಂಬ ಸಣ್ಣ ರಂಧ್ರದ ಮೂಲಕ ಮೇಲೆದ್ದು, ಮಂಜಿನಂತೆ ಚೆದರಿ, ಗಾಳಿಯೊಡನೆ ಬೆರೆಯುತ್ತದೆ. ಆದುದರಿಂದ ಪೆಟ್ರೋಲನ್ನು ಎಳೆದು ತರುವುದು ಗಾಳಿಯ ವೇಗವೇ ಹೊರತು ಬೇರೆಯಲ್ಲ. ಈ ಒಂದು ಸಂಗತಿಯು ಮನಸ್ಸಿನಲ್ಲಿ ನಿಂತರೆ ಮುಂದಿನದೆಲ್ಲವೂ ಸುಲಭ.

ಗಂಟಲು ಅತಿಯಾಗಿ ದೊಡ್ಡದಾದರೆ ಏನಾಗುತ್ತದೆ? ಅಡಿಗೆಮನೆಯ ಊದುಗೊಳವೆಯನ್ನು ನೆನೆಯಿರಿ. ಸಣ್ಣ ಕೊಳವೆಯಲ್ಲಿ ಊದಿದ ಉಸಿರು ಕೆಂಡವನ್ನು ಉರಿಯೆಬ್ಬಿಸುತ್ತದೆ. ಅದೇ ಉಸಿರನ್ನು ದಪ್ಪ ಬಿದಿರಿನ ಬೊಂಬಿನಲ್ಲಿ ಊದಿದರೆ ಬೂದಿಯೂ ಅಲುಗುವುದಿಲ್ಲ. ಉಸಿರು ಅಷ್ಟೇ, ವೇಗವು ಮಾತ್ರ ಇಲ್ಲ. ದೊಡ್ಡ ಕಾರ್ಬುರೇಟರಿನಲ್ಲಿಯೂ, ಎಂಜಿನು ಮೆಲ್ಲಗೆ ತಿರುಗುತ್ತಿರುವಾಗ, ಗಾಳಿಯ ವೇಗವು ಸಾಲದೆ ಪೆಟ್ರೋಲು ಸರಿಯಾಗಿ ಏಳುವುದಿಲ್ಲ. ಎದ್ದುದೂ ಮಂಜಾಗದೆ ಹನಿಹನಿಯಾಗಿ ಕೊಳವೆಯ ಗೋಡೆಗೆ ಅಂಟುತ್ತದೆ. ಪೆಡಲನ್ನು ತುಳಿದೊಡನೆ ಗಾಳಿಯು ನುಗ್ಗಿ ಬರುತ್ತದೆ, ಪೆಟ್ರೋಲು ಹಿಂದೆ ಬೀಳುತ್ತದೆ, ಗಾಡಿಯು ಮುಗ್ಗರಿಸುತ್ತದೆ.

ಇದರ ನಿದರ್ಶನವೊಂದನ್ನು ಹೇಳುತ್ತೇನೆ. ಹಳೆಯ ಕಾರಿನ ಎಂಜಿನನ್ನು ಬಲಪಡಿಸಿ, ಪಂದ್ಯಕ್ಕಲ್ಲದೆ ನಿತ್ಯದ ರಸ್ತೆಯ ಸಂಚಾರಕ್ಕೇ ಇರಿಸಿಕೊಳ್ಳುವ ಹವ್ಯಾಸವು ಅಮೆರಿಕದಲ್ಲಿ ಬಹು ಪ್ರಬಲವಾದುದು. ಅಲ್ಲಿನ ಮಿಷಿಗನ್ ಸಂಸ್ಥಾನದಲ್ಲಿ ನೆಲಸಿರುವ ನನ್ನ ಹಳೆಯ ಶಿಷ್ಯನೊಬ್ಬನು ೧೯೭೦ರ ಷೆವರ್ಲೆ ಕಮಾರೊ ಕಾರೊಂದನ್ನು ಕೊಂಡು ಸರಿಪಡಿಸುತ್ತಿದ್ದನು. ಯಂತ್ರದಲ್ಲಿ ನನಗೂ ಕುತೂಹಲವುಂಟೆಂದು ಅವನು ಬಲ್ಲನಾದುದರಿಂದ ಆಗಾಗ ಅದರ ಸಮಾಚಾರವನ್ನು ಬರೆಯುವನು. ಒಮ್ಮೆ ಹೀಗೆ ಬರೆದನು: "ಮೇಷ್ಟ್ರೇ, ಅಂಗಡಿಯವರ ಮಾತು ಕೇಳಿ ೮೫೦ರ ಕಾರ್ಬುರೇಟರು ಹಾಕಿಸಿದೆ. ನಿಂತಲ್ಲಿಂದ ಹೊರಡುವಾಗ ಎಂಜಿನು ಒಂದು ಕ್ಷಣ ಸತ್ತಂತಾಗಿ ಆಮೇಲೆ ಜಿಗಿಯುತ್ತದೆ. ಮೊನ್ನೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಯನ್ನು ದಾಟುವಾಗ ನಡುರಸ್ತೆಯಲ್ಲಿ ಹೀಗಾಯಿತು. ಪಕ್ಕದಿಂದ ಲಾರಿ ಬರುತ್ತಿತ್ತು. ದೇವರು ದೊಡ್ಡವನು. ಇನ್ನೂ ದೊಡ್ಡದು ಬೇಕಾಗಿತ್ತೋ ಏನೋ, ನಿಮಗೇನು ತೋರುತ್ತದೆ?" ಪತ್ರದೊಡನೆ ತಯಾರಕರ ಕೈಪಿಡಿಯೊಂದನ್ನೂ ಕಳುಹಿಸಿದ್ದನು.

ನಾನು ಅವನಿಗೆ ಬರೆದು ಕಳುಹಿದ ಲೆಕ್ಕವು ಇದು. ಆ ಎಂಜಿನಿನ ಗಾತ್ರವು ೩೫೦ ಘನ ಅಂಗುಲ, ಎಂದರೆ ಸುಮಾರು ೫.೭ ಲೀಟರು. ೧೯೬೭ರ ಮಾದರಿಯ ಕಮಾರೊ ಕಾರಿನಲ್ಲಿ ಮೊದಲು ಬಂದು ಅಲ್ಲಿ ಮನೆಮಾತಾದ ಎಂಜಿನು ಇದು. ನಾಲ್ಕು ಹೊಡೆತದ ಎಂಜಿನಿನಲ್ಲಿ ಪ್ರತಿ ಸಿಲಿಂಡರೂ ಎರಡು ಸುತ್ತಿಗೆ ಒಂದು ಸಲ ಮಾತ್ರ ಗಾಳಿಯನ್ನು ಸೆಳೆಯುವುದರಿಂದ, ಒಂದು ಸುತ್ತಿಗೆ ಅದರ ಅರ್ಧ, ಎಂದರೆ ೧೭೫ ಘನ ಅಂಗುಲ ಗಾಳಿ ಬೇಕು. ರಸ್ತೆಯ ಎಂಜಿನು ನಿಮಿಷಕ್ಕೆ ಹೆಚ್ಚೆಂದರೆ ೫,೫೦೦ ಸುತ್ತು ತಿರುಗುವುದೆಂದು ಇಟ್ಟುಕೊಳ್ಳೋಣ. ೧೭೫ನ್ನು ೫,೫೦೦ರಿಂದ ಗುಣಿಸಿದರೆ ೯,೬೨,೫೦೦ ಘನ ಅಂಗುಲವಾಯಿತು. ಒಂದು ಘನ ಅಡಿಗೆ ೧,೭೨೮ ಘನ ಅಂಗುಲವಾದುದರಿಂದ ಭಾಗಿಸಿದರೆ ಬರುವುದು ನಿಮಿಷಕ್ಕೆ ೫೫೭ ಘನ ಅಡಿ. ಆದರೆ ಯಾವ ಸಾಧಾರಣ ಎಂಜಿನೂ ತನ್ನ ಸಿಲಿಂಡರನ್ನು ಕಂಠಪೂರ್ತಿ ತುಂಬಿಕೊಳ್ಳಲಾರದು; ಒಳ್ಳೆಯ ರಸ್ತೆಯ ಎಂಜಿನು ನೂರಕ್ಕೆ ೮೫ರಷ್ಟು ತುಂಬಿಕೊಂಡೀತು. ಹಾಗೆ ಕಳೆದರೆ ಉಳಿಯುವುದು ೪೭೩. ಕ್ಯಾಮ್‌ಷಾಫ್ಟನ್ನು ಬದಲಾಯಿಸಿ ಎಂಜಿನನ್ನು ಚುರುಕುಗೊಳಿಸಿ, ೬,೦೦೦ ಸುತ್ತಿಗೆ ಏರಿಸಿ, ನೂರಕ್ಕೆ ೯೦ರಷ್ಟು ತುಂಬುವಂತೆ ಮಾಡಿದರೂ ಲೆಕ್ಕಕ್ಕೆ ಬರುವುದು ೫೪೭ ಮಾತ್ರ.

ಕಾರ್ಬುರೇಟರಿನ ಮೇಲೆ ಬರೆಯುವ ೫೦೦, ೬೦೦, ೭೫೦ ಮೊದಲಾದ ಸಂಖ್ಯೆಗಳು ನಿಮಿಷಕ್ಕೆ ಅದು ಹಾಯಿಸಬಲ್ಲ ಘನ ಅಡಿ ಗಾಳಿಯನ್ನೇ ಹೇಳುತ್ತವೆ. ಆದುದರಿಂದ ಈ ಎಂಜಿನಿಗೆ ೬೦೦ರದು ಧಾರಾಳವಾಗಿ ಸಾಕು. ೮೫೦ರದನ್ನು ಪೂರ್ಣವಾಗಿ ಬಳಸಬೇಕಾದರೆ ಎಂಜಿನು ಕಂಠಪೂರ್ತಿ ತುಂಬಿಕೊಂಡು ನಿಮಿಷಕ್ಕೆ ೮,೪೦೦ ಸುತ್ತು ತಿರುಗಬೇಕು. ಅಷ್ಟು ವೇಗವನ್ನು ಸಾಧಾರಣ ಬಿಡಿಭಾಗಗಳು ತಾಳಲಾರವು. ಪಂದ್ಯದವರು ಇದೇ ಗಾತ್ರದ ಎಂಜಿನಿಗೆ ೭೫೦ರದನ್ನು ಹಾಕುವುದುಂಟು. ಆದರೆ ಅವರ ಎಂಜಿನು ಮೇಲಿನ ವೇಗದಲ್ಲಿಯೇ ಸದಾ ಇರುವುದು; ಹಾಲಿನ ಅಂಗಡಿಗೂ ಶಾಲೆಯ ಬಾಗಿಲಿಗೂ ಹೋಗತಕ್ಕ ಗಾಡಿಯು ಅಲ್ಲಿರುವುದು ಕ್ಷಣಕಾಲ. ಎರಡು ಅಳತೆಗಳ ನಡುವೆ ಮನಸ್ಸು ತೂಗಾಡಿದರೆ, ರಸ್ತೆಯ ಗಾಡಿಗೆ ಕಿರಿದನ್ನೇ ಆರಿಸತಕ್ಕದ್ದು. ಕಿರಿದರಿಂದ ಮೇಲಿನ ವೇಗದಲ್ಲಿ ಕೊಂಚ ಬಲ ಕಡಿಮೆಯಾದೀತು. ಹಿರಿದರಿಂದ ದಿನನಿತ್ಯವೂ ತೊಂದರೆ.

ಸಂಖ್ಯೆಯನ್ನು ಓದುವುದರಲ್ಲಿಯೂ ಒಂದು ಎಚ್ಚರ ಬೇಕು. ನಾಲ್ಕು ಗಂಟಲಿನ ಕಾರ್ಬುರೇಟರನ್ನು ಒಂದೂವರೆ ಅಂಗುಲ ಪಾದರಸದ ಒತ್ತಡದ ಇಳಿತದಲ್ಲಿ ಅಳೆಯುವರು. ಎರಡು ಗಂಟಲಿನದನ್ನು ಮೂರು ಅಂಗುಲದಲ್ಲಿ. ಇಳಿತವು ಇಮ್ಮಡಿಯಾದರೆ ಗಾಳಿಯು ಇಮ್ಮಡಿಯಾಗದೆ, ಎರಡರ ವರ್ಗಮೂಲದಷ್ಟು, ಎಂದರೆ ೧.೪೧೪ ಪಟ್ಟು ಹೆಚ್ಚುತ್ತದೆ. ಆದುದರಿಂದ ಎರಡು ಗಂಟಲಿನ ೫೦೦ರದು ನಾಲ್ಕು ಗಂಟಲಿನ ಲೆಕ್ಕದಲ್ಲಿ ಸುಮಾರು ೩೫೪ಕ್ಕೆ ಸಮ.

ನಾಲ್ಕು ಗಂಟಲುಗಳಲ್ಲಿ ಎರಡು ನಿತ್ಯದ ಸಂಚಾರಕ್ಕೆ, ಇನ್ನೆರಡು ಹೆಚ್ಚಿನ ಬಲ ಬೇಕಾದಾಗ. ಹಿಂದಿನ ಈ ಎರಡು ತೆರೆಯುವ ರೀತಿಯಲ್ಲಿ ಎರಡು ಬಗೆಗಳಿವೆ. ಒಂದರಲ್ಲಿ ಎಂಜಿನಿನ ಗಾಳಿಯ ಸೆಳೆತಕ್ಕೆ ಅನುಸಾರವಾಗಿ ಅವು ತಾವಾಗಿಯೇ ಮೆಲ್ಲನೆ ತೆರೆಯುತ್ತವೆ. ಇನ್ನೊಂದರಲ್ಲಿ ಕಾಲಿನ ಒತ್ತಿಗೆ ನೇರವಾಗಿ ತೆರೆಯುತ್ತವೆ. ಭಾರವಾದ ಗಾಡಿಗೂ ಗೇರು ತಾನಾಗಿ ಬದಲಾಗುವ ಗಾಡಿಗೂ ಮೊದಲಿನದು ಹಿತವಾದುದು. ಹಗುರವಾಗಿದ್ದು ಕೈಯಿಂದ ಗೇರು ಹಾಕುವ ಚುರುಕು ಗಾಡಿಗೆ ಎರಡನೆಯದು ಒಪ್ಪುವುದು.

ಅಳತೆಯು ನಿಶ್ಚಯವಾದ ಮೇಲೆ ಜೋಡಣೆಯನ್ನು ನೋಡಬೇಕು. ಕೆಳಗಿನ ಮ್ಯಾನಿಫೋಲ್ಡಿನ ರಂಧ್ರಗಳು ನಾಲ್ಕೂ ಸಮವಾಗಿವೆಯೋ, ಮುಂದಿನವು ಸಣ್ಣವೂ ಹಿಂದಿನವು ದೊಡ್ಡವೂ ಆಗಿವೆಯೋ? ಆಕ್ಸಿಲರೇಟರಿನ ಕೇಬಲು, ಗೇರಿನ ಕೊಂಡಿ, ಚಳಿಯಲ್ಲಿ ಬೇಕಾಗುವ ಚೋಕು ಇವು ಹೊಂದುವುವೋ? ಮೇಲಿನ ಬಾನೆಟ್ಟು ಮುಚ್ಚುವುದೋ? ಪೆಟ್ರೋಲು ಪಂಪಿನ ಒತ್ತಡವು ತಯಾರಕರು ಹೇಳಿದ ಮಿತಿಯೊಳಗಿದೆಯೋ? ಒತ್ತಡವು ಮೀರಿದರೆ ಬಟ್ಟಲು ಉಕ್ಕಿ ಪೆಟ್ರೋಲು ಬಿಸಿ ಎಂಜಿನಿನ ಮೇಲೆ ಚೆಲ್ಲುವುದು. ಬೆಂಕಿಯ ಅನಾಹುತಗಳಿಗೆ ಇದೊಂದು ಕಾರಣ. ಕೆಲಸಕ್ಕೆ ಕೈಹಾಕುವ ಮೊದಲು ಬ್ಯಾಟರಿಯ ತಂತಿಯನ್ನು ಬಿಚ್ಚತಕ್ಕದ್ದು. ಮುಚ್ಚಿದ ಷೆಡ್ಡಿನಲ್ಲಿ ಎಂಜಿನನ್ನು ನಡೆಸಕೂಡದು. ಬೆಂಕಿ ಆರಿಸುವ ಸಾಧನವು ಕೈಗೆಟುಕುವಂತಿರಬೇಕು.

ಆಮೇಲಿನದು ಹದಗೊಳಿಸುವ ಕೆಲಸ. ಜೆಟ್ಟಿನ ರಂಧ್ರವು ಸಣ್ಣದಾಗಿ ಪೆಟ್ರೋಲು ಸಾಲದಿದ್ದರೆ ಸ್ಪಾರ್ಕ್ ಪ್ಲಗ್ಗಿನ ತುದಿಯು ಬಿಳುಪಾಗಿಯೂ, ಹೆಚ್ಚಾದರೆ ಮಸಿ ಹಿಡಿದು ಕಪ್ಪಾಗಿಯೂ ತೋರುವುದು. ತಿಳಿಯಾದ ಕಂದು ಬಣ್ಣವು ಆರೋಗ್ಯದ ಲಕ್ಷಣ. ಎತ್ತರದ ಊರುಗಳಲ್ಲಿ ಗಾಳಿಯು ವಿರಳವಾದುದರಿಂದ ಜೆಟ್ಟು ಕಿರಿದಾಗಬೇಕು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ನೂರಕ್ಕೆ ೧೦, ನಮ್ಮಲ್ಲಿ ೨೦. ಅದರಲ್ಲಿಯೇ ಆಮ್ಲಜನಕವಿರುವುದರಿಂದ ಮಿಶ್ರಣವು ತೆಳುವಾಗುತ್ತದೆ. ಜೆಟ್ಟನ್ನು ಕೊಂಚ ಹಿರಿದು ಮಾಡಬೇಕಾದೀತು. ಹಳೆಯ ರಬ್ಬರು ಕೊಳವೆಗಳನ್ನು ಎಥನಾಲಿಗೆ ತಾಳುವಂಥವುಗಳಿಂದ ಬದಲಾಯಿಸುವುದು ಅವಶ್ಯ.

ಶಿಷ್ಯನು ೮೫೦ರದನ್ನು ತೆಗೆದು, ಸೆಳೆತಕ್ಕೆ ತೆರೆಯುವ ಬಗೆಯ ೬೦೦ರದನ್ನು ಹಾಕಿಸಿದನು. ಮುಗ್ಗರಿಸುವುದು ನಿಂತಿತು, ಪೆಟ್ರೋಲಿನ ವಾಸನೆಯೂ ಹೋಯಿತು. "ಈಗ ನನ್ನ ಹೆಂಡತಿಯೂ ಗಾಡಿ ನಡೆಸುತ್ತಾಳೆ, ಮೇಷ್ಟ್ರೇ" ಎಂದು ಬರೆದನು.

ನಮ್ಮ ಸೀಮೆಯವರಿಗೂ ಈ ವಿಚಾರವು ಹೊರಗಿನದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ೧೯೬೧ರಿಂದ ೧೯೯೬ರವರೆಗೆ ತಯಾರಾದ ಜಾವಾ, ಯೆಜ್ಡಿ ಮೋಟಾರು ಸೈಕಲುಗಳನ್ನು ಇಂದಿಗೂ ಮನೆಯ ಮಗುವಿನಂತೆ ಸಾಕುವವರಿದ್ದಾರೆ. ಅವು ಎರಡು ಹೊಡೆತದ ಎಂಜಿನುಗಳಾದುದರಿಂದ ಮೇಲೆ ಹೇಳಿದ ಲೆಕ್ಕವನ್ನು ಅವಕ್ಕೆ ಹಚ್ಚಲಾಗದು. ಅಲ್ಲಿ ಗಂಟಲಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ಹೇಳುವ ಪದ್ಧತಿ. ಇಲ್ಲಿ ವ್ಯಾಸವು ಮೋಸಗೊಳಿಸುವುದುಂಟು. ೨೦ ಮಿಲಿಮೀಟರಿಗೆ ಬದಲು ೨೮ ಎಂದರೆ ಎಂಟೇ ಮಿಲಿಮೀಟರು ಹೆಚ್ಚೆಂದು ತೋರುವುದು. ಬಾಯಿಯ ಕ್ಷೇತ್ರಫಲವಾದರೋ ಹೆಚ್ಚುಕಡಮೆ ಇಮ್ಮಡಿ. ಇದಲ್ಲದೆ, ಈ ಎಂಜಿನುಗಳಿಗೆ ಎಣ್ಣೆಯು ಪೆಟ್ರೋಲಿನೊಡನೆಯೇ ಬರತಕ್ಕದ್ದು. ಹೊಂದದ ಕಾರ್ಬುರೇಟರಿನಿಂದ ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಗಿ, ಬಿಸಿಯೇರಿದ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಳ್ಳುವುದು. ವೇಗದಲ್ಲಿ ಹೋಗುವಾಗ ಹಾಗಾದರೆ ಹಿಂದಿನ ಚಕ್ರವು ತಟ್ಟನೆ ನಿಂತು ಸವಾರನು ಬೀಳುವನು. ಆದುದರಿಂದ ಇಂಥ ವಾಹನಗಳಿಗೆ ತಯಾರಕರು ಮೊದಲು ಇಟ್ಟ ಅಳತೆಯನ್ನೇ ಉಳಿಸಿಕೊಳ್ಳುವುದು ಕ್ಷೇಮ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಸಂಸಾರಕ್ಕೆ ಎಷ್ಟು ಸಲ್ಲುವುದೋ ಎಂಜಿನಿಗೂ ಅಷ್ಟೇ ಸಲ್ಲುವುದು. ಅಂಗಡಿಗೆ ಹೋಗುವ ಮೊದಲು ಎಂಜಿನಿನ ಗಾತ್ರ, ಅದು ತಿರುಗುವ ಗರಿಷ್ಠ ವೇಗ, ಗಾಡಿಯ ಭಾರ, ಗೇರಿನ ಬಗೆ ಈ ನಾಲ್ಕನ್ನು ಒಂದು ಕಾಗದದಲ್ಲಿ ಬರೆದುಕೊಂಡು, ಗುಣಾಕಾರ ಭಾಗಾಕಾರಗಳನ್ನು ಮನೆಯಲ್ಲಿಯೇ ಮಾಡಿ ಮುಗಿಸಿರಿ. ಗಾಡಿ ನಡೆಸುವ ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅವನ ಕೈಯಿಂದಲೇ ಮಾಡಿಸಿದರೆ ಇನ್ನೂ ಉತ್ತಮ. ಹಿರಿಯರು ಬೇಡವೆಂದರೆ ಒಪ್ಪದ ಮನಸ್ಸು ತಾನೇ ಮಾಡಿದ ಲೆಕ್ಕಕ್ಕೆ ಒಪ್ಪುವುದು.